ಆಪತ್ಕಾಲದಲ್ಲಿ ಗಣಕಯಂತ್ರದ ನೆರವೂ ಗ್ರಾಮಸ್ಥರ ಕರ್ತವ್ಯವೂ

ಅತಿವೃಷ್ಟಿ, ಪ್ರವಾಹ, ಸಿಡಿಲು ಇವುಗಳನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಅವುಗಳಿಂದಾಗುವ ನಷ್ಟದಲ್ಲಿ ಬಹುಭಾಗವು, ಸುದ್ದಿಯು ಸಕಾಲಕ್ಕೆ ಮುಟ್ಟದಿರುವುದರಿಂದಲೂ, ಮುಟ್ಟಿದ ಸುದ್ದಿಯಂತೆ ನಡೆಯಲು ಊರಿನಲ್ಲಿ ಏರ್ಪಾಡಿಲ್ಲದಿರುವುದರಿಂದಲೂ ಉಂಟಾಗತಕ್ಕದ್ದು. ಮೊದಲನೆಯ ಕೊರತೆಯನ್ನು ಗಣಕಯಂತ್ರವು ನೀಗಿಸಬಲ್ಲದು. ಎರಡನೆಯದನ್ನು ಗ್ರಾಮಮುಖಂಡರೇ ನೀಗಿಸಬೇಕೆಂಬುದು ನನ್ನ ಅಭಿಪ್ರಾಯ.

2004ನೆಯ ಇಸವಿ ಡಿಸೆಂಬರ್ 26ರಂದು ಸಮುದ್ರವು ಉಕ್ಕಿ ಶ್ರೀಲಂಕೆಯ ಕರಾವಳಿಯು ಹಾಳಾದಾಗ, ಅಲ್ಲಿಯ ಗಣಕತಜ್ಞರು ಸ್ವಯಂಪ್ರೇರಣೆಯಿಂದ ಕೂಡಿ ಕೆಲವೇ ವಾರಗಳಲ್ಲಿ ‘ಸಹನ’ವೆಂಬ ತಂತ್ರಾಂಶವನ್ನು ರಚಿಸಿದರು. ಸಿಂಹಳ ಭಾಷೆಯಲ್ಲಿ ಈ ಶಬ್ದಕ್ಕೆ ಪರಿಹಾರವೆಂದರ್ಥ. ಕಾಣೆಯಾದವರು ಯಾರು, ಶಿಬಿರಗಳು ಎಲ್ಲಿವೆ, ಯಾವ ಸ್ಥಳಕ್ಕೆ ಏನು ಬೇಕು, ಇಷ್ಟನ್ನೂ ಒಂದೆಡೆ ಕೂಡಿಸುವುದೇ ಅದರ ಕೆಲಸ. ಹಿಂದೆ ಶಾನುಭೋಗರು ಇಡುತ್ತಿದ್ದ ಲೆಕ್ಕಕ್ಕಿಂತ ಇದರಲ್ಲಿ ಗೂಢವಾದುದೇನೂ ಇಲ್ಲ; ವೇಗ ಮಾತ್ರ ಹೆಚ್ಚು. ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು ತಿದ್ದಿಕೊಳ್ಳಬಹುದಾದುದರಿಂದ, 2005ರ ಭೂಕಂಪದ ತರುವಾಯ ಪಾಕಿಸ್ತಾನದಲ್ಲಿಯೂ ಅದು ಬಳಕೆಗೆ ಬಂದಿತು.

ನಮ್ಮ ರಾಜ್ಯದಲ್ಲಿ 1988ರಲ್ಲಿ ಅನಾವೃಷ್ಟಿಯ ಪರಿಶೀಲನೆಗಾಗಿ ಆರಂಭವಾದ ಘಟಕವೇ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಗ್ರಾಮ ಪಂಚಾಯತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ಮಳೆಯ ಲೆಕ್ಕವನ್ನು ತಾವಾಗಿಯೇ ಅಲ್ಲಿಗೆ ಕಳುಹಿಸುತ್ತವೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ಯು ಸಮೀಪದಲ್ಲಿ ಸಿಡಿಲಿನ ಸಂಭವವಿದ್ದರೆ ಮೊಬೈಲಿನ ಮೂಲಕ ಎಚ್ಚರಿಸುತ್ತದೆ.

ಆದರೆ ಯಂತ್ರಕ್ಕೆ ತಿಳಿಯದ ಸಂಗತಿಗಳು ಅನೇಕವಾಗಿವೆ. ಯಾವ ಹಳ್ಳವು ಮೊದಲು ಉಕ್ಕಿ ದಾರಿಯನ್ನು ಕಡಿಯುವುದು, ಯಾವ ಮನೆಯಲ್ಲಿ ಎದ್ದು ನಡೆಯಲಾರದ ವೃದ್ಧರಿರುವರು, ರಾಸುಗಳನ್ನು ಯಾವ ದಿಣ್ಣೆಗೆ ಹೊಡೆಯಬೇಕು ಎಂಬುದನ್ನು ಊರಿನವರೇ ಬಲ್ಲರು. ಗ್ರಾಮಸ್ಥರನ್ನು ಕೇಳದೆ ಪಟ್ಟಣದಲ್ಲಿ ಕುಳಿತು ರಚಿಸಿದ ಸಾಧನವು, ಎಷ್ಟೇ ಜಾಣ್ಮೆಯದಾದರೂ, ಸಮಯಕ್ಕೆ ಒದಗದು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿದಂತಹ ಸಂದರ್ಭದಲ್ಲಿ, ಕಟ್ಟಿದ ದನದ ಹಗ್ಗವನ್ನು ಬಿಚ್ಚುವ ಕೈ ಊರಿನದೇ ಆಗಿರಬೇಕು.

ಆದುದರಿಂದ ಈ ಮೂರು ಕಾರ್ಯಗಳನ್ನು ಸೂಚಿಸುತ್ತೇನೆ:

1. ಪ್ರತಿವರ್ಷವೂ ಮುಂಗಾರಿಗೆ ಮುಂಚೆ ಮೇಲೆ ಹೇಳಿದ ವಿವರಗಳ ಪಟ್ಟಿಯನ್ನು ಸಿದ್ಧಪಡಿಸಿ, ಗಣಕದಲ್ಲಿ ಸೇರಿಸಲು ಪಂಚಾಯತಿಗೆ ಕೊಡತಕ್ಕದ್ದು. ವಿದ್ಯುತ್ತೂ ಟವರೂ ಕೆಟ್ಟಾಗ ನೋಡಲು ಕಾಗದದ ಪ್ರತಿಯೊಂದು ಊರಿನಲ್ಲಿಯೇ ಇರಲಿ.

2. ಮಳೆಮಾಪಕದ ಬಳಿ ಗಿಡಗಂಟೆ ಬೆಳೆಯದಂತೆಯೂ, ದನ ಕಟ್ಟದಂತೆಯೂ ನೋಡಿಕೊಳ್ಳತಕ್ಕದ್ದು. ತಪ್ಪು ಲೆಕ್ಕ ಹೋದರೆ ಅದರಿಂದ ಕೆಡುವವರು ನಾವೇ.

3. ಸಿಡಿಲಿನ ಎಚ್ಚರಿಕೆ ಬಂದೊಡನೆ ಜಮೀನುದಾರರು ಕೂಲಿಯವರನ್ನು ಬಯಲಿನಿಂದ ಕರೆದು ಭದ್ರವಾದ ಕಟ್ಟಡದೊಳಗೆ ಸೇರಿಸಬೇಕು, ಮರದಡಿಯಲ್ಲಿ ನಿಲ್ಲಗೊಡಬಾರದು, ಆ ವೇಳೆಯ ಕೂಲಿಯನ್ನು ಕಡಿಯಲೂ ಬಾರದು. ಕೂಲಿ ಹೋಗುವುದೆಂಬ ಭಯವಿದ್ದರೆ ನಾಟಿ ಮಾಡುವ ಹೆಂಗಸು ಗದ್ದೆಯನ್ನು ಬಿಟ್ಟು ಬರಲಾರಳು. ಎಚ್ಚರಿಕೆಯು ಯಜಮಾನರ ಜೇಬಿನಲ್ಲಿದ್ದು, ಅಪಾಯವು ಕೂಲಿಯವರ ತಲೆಯ ಮೇಲಿದ್ದರೆ, ಅಂತಹ ಸಾಧನದಿಂದ ಪ್ರಯೋಜನವೇನು?

ಭಾರತದಲ್ಲಿ ಸಿಡಿಲಿಗೆ ಪ್ರತಿವರ್ಷ 2,000ಕ್ಕೂ ಹೆಚ್ಚು ಜನರು ಬಲಿಯಾಗುತ್ತಾರೆ. ಇವರಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರೇ ಅಧಿಕ. ಒಂದು ಗಳಿಗೆಯ ಕೂಲಿಯನ್ನು ಒಂದು ಜೀವದೊಡನೆ ತೂಗಿ ನೋಡಿ, ಈ ಮುಂಗಾರಿನಿಂದಲೇ ಮುಖಂಡರು ಕಾರ್ಯೋನ್ಮುಖರಾಗಬೇಕೆಂದು ಬಿನ್ನವಿಸುತ್ತೇನೆ.