ಹಿಮದ ಮಗ್ಗುಲಿನ ಅಗ್ಗದ ವಸತಿ

ಹಿಮದ ಮೇಲೆ ಜಾರುವ ಸ್ಕೀ ಆಟವು ಸಿರಿವಂತರ ವಿಲಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಉತ್ತರಾಖಂಡದ ಔಲಿಯಲ್ಲಿ ಇಳಿಜಾರಿನ ಬದಿಗೇ ಇರುವ ಗಢ್ವಾಲ್ ಮಂಡಲ ವಿಕಾಸ ನಿಗಮದ ವಸತಿಗೃಹವು ಅದನ್ನು ಅಲ್ಲಗಳೆಯುತ್ತದೆ. ಸಾಲುಮಂಚಗಳ ಸಾಮೂಹಿಕ ಕೊಠಡಿಯಲ್ಲಿ ಭೋಗವನ್ನು ಅರಸಬಾರದು, ನಿಜ. ಆದರೆ ಸ್ಕೀ ಬೂಟು ಬಿಗಿದ ಕಾಲಿನಲ್ಲಿ ನೂರು ಹೆಜ್ಜೆ ನಡೆಯುವುದೂ ಪ್ರಯಾಸವೇ. ಹಿಮವು ಬಿಸಿಲಿಗೆ ಮೆತ್ತಗಾಗುವ ಮುನ್ನ ಅಭ್ಯಾಸಕ್ಕಿಳಿಯಬೇಕಾದ ವಿದ್ಯಾರ್ಥಿಗೆ, ಬಾಗಿಲ ಬಳಿಯ ಹಿಮಕ್ಕಿಂತ ಮಿಗಿಲಾದ ಸೌಕರ್ಯವಾವುದು? ದಿಗಂತದಲ್ಲಿ 7,816 ಮೀಟರಿನ ನಂದಾದೇವಿಯ ದರ್ಶನವಂತೂ ಬಿಟ್ಟಿ!

ಔಲಿಗೆ ಇಂತಹ ಸರಳ ವಸತಿಗಳೇ ಸಾಕು. ಬಹುಮಹಡಿ ಹೋಟೆಲುಗಳು ಬೇಕೆನ್ನುವವರು ಅದರ ಕೆಳಗಿನ ಜೋಶೀಮಠವನ್ನು ನೋಡಿ ಬರಲಿ. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಒಂದರತ್ತ ಒಂದು ವಾಲಿದ ಎರಡು ಹೋಟೆಲುಗಳನ್ನು ಸರಕಾರವೇ ಕೆಡವಿಸಬೇಕಾಯಿತು.