ಬ್ಯಾನರಿನಿಂದ ಹೊರಗುಳಿದವರು

ಏಪ್ರಿಲ್ 14ಕ್ಕೆ ಇನ್ನೂ ನಾಲ್ಕು ದಿನ ಇರುವಾಗ ನಮ್ಮ ಕೇರಿಯಲ್ಲಿ ಜಗಳ ಆಯಿತು. ಮೇಲಿನ ಓಣಿಯವರ ಜೊತೆ ಅಲ್ಲ, ಅದಾದರೆ ನಮಗೆ ರೂಢಿ. ಇದು ನಮ್ಮ ನಮ್ಮಲ್ಲೇ.

ಸಾಸ್ವೆಹಳ್ಳಿ ಹೋಬಳಿಯ ಮೂರ್ನಾಲ್ಕು ಕೇರಿಯ ಹುಡುಗರು ಸೇರಿ ಬಾಬಾಸಾಹೇಬರ ಜಯಂತಿಗೆ ದೊಡ್ಡ ಬ್ಯಾನರ್ ಮಾಡಿಸುವುದೆಂದು ಆಗಿತ್ತು. ಅಡಿಕೆ ಸುಲಿದ ಕೂಲಿ, ಗಾರೆ ಕೆಲಸದ ಕೂಲಿ ಕೂಡಿಸಿದ ದುಡ್ಡು. ನಡುವೆ ಬಾಬಾಸಾಹೇಬರು. ಎಡಕ್ಕೆ ಬುದ್ಧ, ಬಸವಣ್ಣ. ಬಲಕ್ಕೆ ಮಹಮ್ಮದ್ ಅಲಿ. ಅಲಿ ಬೇಕೇ ಬೇಕು ಅಂತ ಹುಡುಗರ ಹಟ. ನನಗೂ ಅದು ಖುಷಿಯೇ. ನಾನು ಒಂದು ಮಾತು ಸೇರಿಸಿದೆ: "ಅಲಿ ಪಕ್ಕ ಪಲ್ವಂಕರ್ ಬಾಲೂ ಫೋಟೋನೂ ಇರ್ಲಿ. ನಮ್ಮ ಧಾರವಾಡದಾಗ ಹುಟ್ಟಿದ ಚಮ್ಮಾರರ ಹುಡುಗ. ಈ ದೇಶದ ಮೊದಲ ದೊಡ್ಡ ಬೌಲರ್."

ಒಬ್ಬ ಹುಡುಗ ಫೋನು ತೆಗೆದ. ಎರಡು ನಿಮಿಷ ಓದಿದ. ಆಮೇಲೆ ಅಂದ, "ಅಣ್ಣಾ, ಇವ್ನು ಬಾಬಾಸಾಹೇಬ್ರ ಎದುರಿಗೆ ಎಲೆಕ್ಷನ್ನಿಗೆ ನಿಂತೋನು. ಇವ್ನ ಮಕ ಹಾಕಿದ್ರೆ ಬ್ಯಾನರ್ ನಾನೇ ಹರೀತೀನಿ."

ಹುಡುಗ ಹೇಳಿದ್ದು ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ಬಾಲೂನನ್ನು ಬ್ಯಾನರಿಗೆ ತೂರಿಸುವ ಕಳ್ಳತನ ನನಗೆ ಬೇಡ. 1932ರಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತದಾರ ಕ್ಷೇತ್ರ ಕೇಳಿದಾಗ ಬಾಲೂ ಗಾಂಧಿಯ ಕಡೆ ನಿಂತ. 1937ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಅವನನ್ನು ಬಾಬಾಸಾಹೇಬರ ಎದುರಿಗೇ ನಿಲ್ಲಿಸಿದರು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಸೋತ. ಸೋತದ್ದು ಒಳ್ಳೆಯದೇ ಆಯಿತು ಅನ್ನುವವರಲ್ಲಿ ನಾನೂ ಒಬ್ಬ.

ಹಾಗಾದರೆ ಅವನು ಎಸೆದ ಚೆಂಡೂ ಸೋತಿತೇ?

ಇದನ್ನು ಕೇಳುವ ಮೊದಲು ಆ ಬ್ಯಾನರಿನಲ್ಲಿ ಯಾರ ತಕರಾರೂ ಇಲ್ಲದೆ ಕೂತಿದ್ದ ಅಲಿಯ ಕತೆಯನ್ನೇ ನೋಡೋಣ. ಅಲಿ ನನ್ನ ನಾಯಕನೂ ಹೌದು. 1967ರ ಏಪ್ರಿಲ್ 28ರಂದು, ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರಲಾರೆ ಎಂದು ನಿಂತುಬಿಟ್ಟ ಮನುಷ್ಯ. ಪಟ್ಟ ಕಿತ್ತುಕೊಂಡರು, ಲೈಸೆನ್ಸು ಕಿತ್ತುಕೊಂಡರು, ಐದು ವರ್ಷದ ಜೈಲು ಶಿಕ್ಷೆ ಬರೆದರು. ಮೂರೂವರೆ ವರ್ಷ ಅವನು ರಿಂಗಿಗೆ ಇಳಿಯಲಿಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಕರಿಯರ ಹೋರಾಟದಿಂದ ಹೆಸರನ್ನೇ ಎರವಲು ತಂದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತಲ್ಲ, ಆ ಕಾಲದ ಮನುಷ್ಯ ಅವನು. ಅವನ ಫೋಟೋ ನಮ್ಮ ಕೇರಿಯ ಗೋಡೆಗೆ ಬಂದದ್ದು ಸುಮ್ಮನೆ ಅಲ್ಲ.

ಆದರೆ ಜೋ ಫ್ರೇಜಿಯರ್ ಯಾರು ಅಂತ ಆ ಹುಡುಗರಲ್ಲಿ ಕೇಳಿದೆ. "ಅಲಿ ಕೈಲಿ ಒದೆ ತಿಂದೋನು" ಅಂದರು.

ಕೇಳಿ. ಫ್ರೇಜಿಯರ್ ದಕ್ಷಿಣ ಕ್ಯಾರೊಲಿನಾದ ಬಡ ಕರಿಯರ ಮನೆಯವನು. ಹೊಲದಲ್ಲಿ ದುಡಿದು ಬೆಳೆದವನು. ಫಿಲಡೆಲ್ಫಿಯಾಕ್ಕೆ ಬಂದು ಕಸಾಯಿಖಾನೆಯಲ್ಲಿ ಕೂಲಿಗಿದ್ದ. ತೂಗುಹಾಕಿದ ದನದ ತೊಡೆಗಳಿಗೆ ಗುದ್ದಿ ಗುದ್ದಿ ಕೈ ಪಳಗಿಸಿಕೊಂಡ. ಸತ್ತ ದನದ ಮಾಂಸದ ನಡುವೆ ಬದುಕಿದವರ ಮಕ್ಕಳು ನಾವು, ಇದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲಿಯ ಅಪ್ಪ ಬೋರ್ಡು ಬರೆಯುವ ಪೇಂಟರ್. ಇಬ್ಬರಲ್ಲಿ ಹೆಚ್ಚು ಬಡವ ಫ್ರೇಜಿಯರ್ರೇ. ಅಲಿ ರಿಂಗಿನಿಂದ ಹೊರಗಿದ್ದ ದಿನಗಳಲ್ಲಿ ಅವನ ಕೈಗೆ ದುಡ್ಡು ಕೊಟ್ಟವನು, ಅವನ ಲೈಸೆನ್ಸು ಅವನಿಗೆ ಕೊಡಿ ಎಂದು ಮಾತಾಡಿದವನು ಇದೇ ಫ್ರೇಜಿಯರ್.

1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಎದುರಾದರು. ಆವರೆಗೆ ಇಬ್ಬರೂ ಸೋತವರಲ್ಲ. ಹದಿನೈದು ಸುತ್ತು. ಕೊನೆಯ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಬಿದ್ದು ಅಲಿ ಅಂಗಾತ ಮಲಗಿದ, ಎದ್ದ, ಪಂದ್ಯ ಸೋತ. ಆ ಪಂದ್ಯಕ್ಕೆ ಮುಂಚೆಯೇ ಅಲಿ ಅವನನ್ನು ಬಿಳಿಯರ ಗುಲಾಮ ಅಂದಿದ್ದ. 1975ರಲ್ಲಿ ಮನಿಲಾದ ಪಂದ್ಯಕ್ಕೆ ಮುಂಚೆ ಗೊರಿಲ್ಲಾ ಅಂದ, ರಬ್ಬರ್ ಗೊರಿಲ್ಲಾ ಬೊಂಬೆ ಹಿಡಿದು ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಒಬ್ಬ ಕರಿಯ ಇನ್ನೊಬ್ಬ ಕರಿಯನನ್ನು ಮಂಗನ ಜಾತಿಗೆ ಸೇರಿಸುತ್ತಾನೆ, ಅಭಿಮಾನಿಗಳು ಚಪ್ಪಾಳೆ ತಟ್ಟುತ್ತಾರೆ! ಅದೇ ಮಾತನ್ನು ಬಿಳಿಯ ಆಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಅಲಿಯನ್ನು ಕಂಡರಾಗದ ಬಿಳಿಯರು ಫ್ರೇಜಿಯರ್‌ನನ್ನು ತಮ್ಮವನೆಂದು ಎತ್ತಿಕೊಂಡರು, ಅದು ನಿಜ. ಅವನು ಕೇಳಿಕೊಂಡಿರಲಿಲ್ಲ. ಎತ್ತಿಕೊಂಡವರ ಪಾಪ ಹೊತ್ತವನ ತಲೆಗೆ ಬಂತು.

ಇನ್ನು ಅಭಿಮಾನಿಯ ಲೆಕ್ಕ. ಫ್ರೇಜಿಯರ್ ಆಡಿದ್ದು 37 ಪಂದ್ಯ. 32 ಗೆಲುವು, ಅದರಲ್ಲಿ 27 ನಾಕೌಟು. ಒಂದು ಸಮ. ನಾಲ್ಕು ಸೋಲು, ಆ ನಾಲ್ಕೂ ಇಬ್ಬರ ಕೈಯಲ್ಲೇ: ಅಲಿ ಎರಡು, ಜಾರ್ಜ್ ಫೋರ್ಮನ್ ಎರಡು. ಬೇರೆ ಯಾವ ಹೆಸರೂ ಆ ಪಟ್ಟಿಯಲ್ಲಿಲ್ಲ. ಇದಕ್ಕೆ ಅಭಿಮಾನಿ ಏನನ್ನುತ್ತಾನೆ? "ಅಲಿ ಇಲ್ಲದ ಹೊತ್ತಿನಲ್ಲಿ ಚಾಂಪಿಯನ್ ಆದೋನು ಬಿಡು." ಅಲಿಯ 1971ರ ಸೋಲಿಗೆ ಮೂರೂವರೆ ವರ್ಷದ ವನವಾಸ ಕಾರಣ. 1980ರಲ್ಲಿ ಲ್ಯಾರಿ ಹೋಮ್ಸ್ ಬಡಿದದ್ದಕ್ಕೆ ವಯಸ್ಸು ಕಾರಣ, ಕಾಯಿಲೆ ಕಾರಣ. ಈ ಕಾರಣಗಳು ಸುಳ್ಳೇನೂ ಅಲ್ಲ, ನಾನೂ ಒಪ್ಪುತ್ತೇನೆ. ಆದರೆ 1976ರಲ್ಲಿ ಕೆನ್ ನಾರ್ಟನ್ ಮೇಲೆ ಅಲಿಗೆ ಕೊಟ್ಟ ತೀರ್ಪು? ಗೆದ್ದವನು ನಾರ್ಟನ್ ಎಂದು ನೋಡಿದವರಲ್ಲಿ ಎಷ್ಟೋ ಜನ ಅಂದರು. ಅಭಿಮಾನಿಯ ಪುಸ್ತಕದಲ್ಲಿ ಅದು ಮಾತ್ರ ಕಾರಣ ಕೇಳದ ಗೆಲುವು. ನಮ್ಮವನ ಸೋಲಿಗೆ ನೂರು ಕಾರಣ, ಅವರವನ ಗೆಲುವಿಗೆ ನೂರು ಅನುಮಾನ. ಊರಗೌಡ ನಮ್ಮ ಹುಡುಗರ ಮಾರ್ಕ್ಸ್ ಕಾರ್ಡು ನೋಡಿ "ರಿಸರ್ವೇಷನ್ ಅಲ್ವೇನಲೇ" ಅನ್ನುವುದು ಇದೇ ಲೆಕ್ಕದಲ್ಲಿ.

ಫಿಲಡೆಲ್ಫಿಯಾದವರು ಮಾಡಿದ್ದು ಇನ್ನೂ ಚೆನ್ನಾಗಿದೆ. 1976ರಲ್ಲಿ ಬಂದ 'ರಾಕಿ' ಸಿನಿಮಾದ ಬಿಳಿಯ ಬಾಕ್ಸರ್ ಮಾಂಸಕ್ಕೆ ಗುದ್ದುತ್ತಾನಲ್ಲ, ಅದು ಫ್ರೇಜಿಯರ್‌ನ ಬದುಕಿನಿಂದ ಎತ್ತಿದ್ದು. ಹುಟ್ಟಿರದ ಆ ರಾಕಿಯ ಪ್ರತಿಮೆಯನ್ನು 2006ರಲ್ಲಿ ಊರಿನ ದೊಡ್ಡ ಮ್ಯೂಸಿಯಮ್ಮಿನ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದರು. ಆಗ ಫ್ರೇಜಿಯರ್ ಅದೇ ಊರಿನಲ್ಲಿ ಬದುಕಿದ್ದ. 2011ರಲ್ಲಿ ಸತ್ತ. ಅವನದೊಂದು ಪ್ರತಿಮೆ ಎದ್ದು ನಿಂತದ್ದು 2015ರಲ್ಲಿ. 1996ರಲ್ಲಿ ಅಲಿ ನಡುಗುವ ಕೈಯಲ್ಲಿ ಒಲಿಂಪಿಕ್ ಜ್ಯೋತಿ ಹಚ್ಚಿದಾಗ ಫ್ರೇಜಿಯರ್ ತೀರಾ ಕಹಿಯಾದ ಮಾತಾಡಿದ, ಅದನ್ನು ಅಭಿಮಾನಿಗಳು ಇವತ್ತಿಗೂ ಎತ್ತಿ ತೋರಿಸುತ್ತಾರೆ. ಅಲಿ 2001ರಲ್ಲಿ ತಾನು ಆಡಿದ್ದಕ್ಕೆ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ. ನಾಯಕ ಕ್ಷಮೆ ಕೇಳಿದ, ಅಭಿಮಾನಿ ಇನ್ನೂ ಕೇಳಿಲ್ಲ.

ಈಗ ಬಾಲೂ ಹತ್ತಿರ ಬರೋಣ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ. ಅಪ್ಪ ಸೈನ್ಯದ ನೌಕರಿಯವನು. ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸುವುದಕ್ಕೆ ಬಾಲೂಗೆ ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ ನಾಲ್ಕು. ಅಲ್ಲಿ ದೊರೆಗಳಿಗೆ ಗಂಟೆಗಟ್ಟಲೆ ಬೌಲ್ ಮಾಡಿದ, ಬ್ಯಾಟು ಅವನ ಕೈಗೆ ಬರಲಿಲ್ಲ. ಹಿಂದೂ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಮುಟ್ಟಿದರು, ಆಟ ನಿಂತಾಗ ಅವನಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಾ. ಚೆಂಡಿಗೆ ಮೈಲಿಗೆ ಇಲ್ಲ, ಕಪ್ಪಿಗೆ ಇದೆ. ಇದು ನಮ್ಮ ಹೋಟೆಲುಗಳ ಶಾಸ್ತ್ರವೇ!

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಬಿಳಿಯರನ್ನು ಸೋಲಿಸಿದಾಗ ಅವನು ಆ ತಂಡದಲ್ಲಿದ್ದ. 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತ. ಒಟ್ಟು 33 ಮೊದಲ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಇಷ್ಟಾದರೂ ಕ್ಯಾಪ್ಟನ್ ಪಟ್ಟ ಅವನಿಗೆ ಸಿಗಲಿಲ್ಲ. 1920ರಲ್ಲಿ ತಮ್ಮಂದಿರು ಸಿಡಿದು ತಂಡದಿಂದ ಹೊರಬಂದರು. ಆ ಸಿಟ್ಟಿನ ಫಲ ಅನ್ನಿ, 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ಕ್ಯಾಪ್ಟನ್ ಆದ.

ಯೌವನದಲ್ಲಿ ಬಾಬಾಸಾಹೇಬರು ಇದೇ ಬಾಲೂನನ್ನು ಮೆಚ್ಚಿಕೊಂಡಿದ್ದವರು. 1920ರಲ್ಲಿ ಒಂದು ಕ್ರಿಕೆಟ್ ತಂಡದ ಮುಂದಾಳುತನಕ್ಕೆ ಅವನು ಯೋಗ್ಯನಲ್ಲ ಅಂದ ಸಮಾಜಕ್ಕೆ 1937ರಲ್ಲಿ ಬಾಬಾಸಾಹೇಬರನ್ನು ಮಣಿಸಲು ಅವನು ದಿಢೀರನೆ ಯೋಗ್ಯನಾಗಿ ಕಂಡ. ಬಾಲೂ ಹೋಗಿದ್ದು ತಪ್ಪು. ಆದರೆ ಆ ತಪ್ಪಿಗೆ ಅವನ 179 ವಿಕೆಟ್ಟನ್ನೂ ಜಪ್ತಿ ಮಾಡುವ ಅಧಿಕಾರ ನಮಗೆ ಯಾರು ಕೊಟ್ಟರು? ಮೇಲುಜಾತಿಯ ಕ್ರಿಕೆಟ್ ಪಂಡಿತರು ಅವನನ್ನು ಜಾತಿಗಾಗಿ ಮರೆತರು. ನಾವು ನಾಯಕನಿಗಾಗಿ ಮರೆತೆವು. ಎರಡೂ ಕಡೆಯಿಂದ ಬಾಗಿಲು ಹಾಕಿದ ಮನೆಯಲ್ಲಿ ಆ ಮನುಷ್ಯ ಕೂತಿದ್ದಾನೆ.

ಗೆಳೆಯರು ಕೇಳುತ್ತಾರೆ: ಹೋರಾಟದಲ್ಲಿ ಪಕ್ಷ ಬೇಡವೇ? ಬೇಕು. 1937ರಲ್ಲಿ ನಾನು ಆ ಕ್ಷೇತ್ರದಲ್ಲಿದ್ದಿದ್ದರೆ ಓಟು ಬಾಬಾಸಾಹೇಬರಿಗೇ. ಆದರೆ ಓಟು ಬೇರೆ, ಲೆಕ್ಕ ಬೇರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಎಂದು ಎಚ್ಚರಿಸಿದವರು ಯಾರು? ಅವರ ಭಾಷಣವನ್ನು ಭಕ್ತಿಯಿಂದ ಕೇಳಿ, ಅವರ ಮಾತನ್ನೇ ಮರೆಯುತ್ತೇವಲ್ಲ!

ನನಗೆ ಇದು ಬರೀ ಮುಂಬಯಿ, ಮನಿಲಾದ ಮಾತಲ್ಲ. ನಮ್ಮ ದೊಡ್ಡಪ್ಪ ಬಯಲು ಜಂಗೀ ಕುಸ್ತಿಯಲ್ಲಿ ಪೈಲ್ವಾನ. ಪಕ್ಕದ ಒಂದೂರಿನ ಜಾತ್ರೆಯಲ್ಲಿ ಮೇಲಿನವರ ಪೈಲ್ವಾನನ್ನ ಚಿತ್ ಮಾಡಿದಾಗ, ಬೆನ್ನು ಮಣ್ಣಿಗೆ ಹತ್ತಿಲ್ಲ ಅಂತ ಕುಸ್ತಿ ಸಮ ಅಂದುಬಿಟ್ಟರು. ಬೆಳ್ಳಿ ಕಡಗ ಕೊಡಲಿಲ್ಲ. ನಮ್ಮ ಕೇರಿ ವರ್ಷಗಟ್ಟಲೆ ಆ ಕತೆ ಹೇಳಿತು. ಆಮೇಲೊಂದು ಪಂಚಾಯ್ತಿ ಎಲೆಕ್ಷನ್ನಿನಲ್ಲಿ ದೊಡ್ಡಪ್ಪ ಗೌಡರ ಕಡೆಯವನಿಗೆ ಓಡಾಡಿದ. ಸಾಲ ಇತ್ತು, ಏನು ಮಾಡ್ತಾನೆ. ಅವತ್ತಿನಿಂದ ಕೇರಿಯೂ ಅಂದಿತು: "ಆ ಕುಸ್ತಿ ಸಮಾನೇ ಆಗಿತ್ತೇನೋ ಬಿಡು."

ಬ್ಯಾನರ್ ಬಾಲೂ ಇಲ್ಲದೇ ಮೇಲೇರಿತು. ಜಯಂತಿ ರಾತ್ರಿ ದೊಡ್ಡಪ್ಪನ ಕಟ್ಟೆ ಮೇಲೆ ಕೂತು ಇದನ್ನೆಲ್ಲ ಹೇಳಿದೆ. ಅವನಿಗೆ ಕ್ರಿಕೆಟ್ ಗೊತ್ತಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

"ಎಷ್ಟ್ ಜನನ್ನ ಔಟ್ ಮಾಡಿದ್ದ ಅಂದಿ?"

"ನೂರಾ ಎಪ್ಪತ್ತೊಂಬತ್ತು, ದೊಡ್ಡಪ್ಪ."

"ಬರ್ದಿಟ್ಟಾರೇನು ಎಲ್ಲಾರಾ?"

"ಹೂಂ, ಬರ್ದಿಟ್ಟಾರೆ."

"ಅವ್ನೇ ಪುಣ್ಯವಂತ" ಅಂದು ಬೀಡಿ ಹಚ್ಚಿದ.