ನಮ್ಮ ಮೊದಲ ಒಕ್ಕಲುಗಳ ಸಮಾಧಿಗಳು

ಚಿತ್ರದುರ್ಗದ ಚರಿತ್ರೆ ಎಲ್ಲಿಂದ ಆರಂಭವಾಗುತ್ತದೆ? ಹಿರಿಯರನ್ನು ಕೇಳಿದರೆ ಪಾಳೆಯಗಾರರಿಂದ ಎನ್ನುತ್ತಾರೆ; ಪಾಠಪುಸ್ತಕವನ್ನು ತೆರೆದರೆ ಅಶೋಕನ ಶಾಸನಗಳಿಂದ ಎನ್ನುತ್ತದೆ. ಆದರೆ ಈ ಎರಡೂ ಈಚಿನ ಸಂಗತಿಗಳು. ಅಶೋಕನ ಲಿಪಿಕಾರನು ಇಲ್ಲಿನ ಬಂಡೆಯ ಮೇಲೆ ಉಳಿಯಿಡುವುದಕ್ಕೆ ಬಹು ಮೊದಲೇ ಈ ನೆಲವನ್ನು ಹಸನು ಮಾಡಿ, ದನ ಸಾಕಿ, ಊರು ಕಟ್ಟಿ ಬಾಳಿದ ಜನರಿದ್ದರು. ಅವರು ಬರೆದಿಟ್ಟ ಗ್ರಂಥವಿಲ್ಲ, ಶಾಸನವಿಲ್ಲ. ಅವರ ಬಾಳಿನ ಬಹುಮುಖ್ಯ ದಾಖಲೆ ಅವರ ಸಮಾಧಿಗಳು. ಆ ದಾಖಲೆಯನ್ನು ಓದುವ ಮೊದಲೇ ನಾವು ಹರಿದುಹಾಕುತ್ತಿದ್ದೇವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು 1892ರಲ್ಲಿ ಬಿ. ಎಲ್. ರೈಸರು ಅಶೋಕನ ಶಾಸನವನ್ನು ಪತ್ತೆಹಚ್ಚಿದ ಸ್ಥಳವೆಂದು ಪ್ರಸಿದ್ಧವಾಗಿದೆ. ಆ ಬೆಟ್ಟದ ತಪ್ಪಲಿನಲ್ಲಿಯೇ ಸುಮಾರು 300 ಶಿಲಾಸಮಾಧಿಗಳಿದ್ದುವೆಂಬುದನ್ನು ಬಲ್ಲವರು ವಿರಳ. ಹೊರಗೆ ಗುಂಡುಕಲ್ಲುಗಳ ವೃತ್ತ. ಒಳಗೆ ನಾಲ್ಕು ಚಪ್ಪಡಿಗಳು ಒಂದಕ್ಕೊಂದು ಆತು ನಿಲ್ಲುವಂತೆ ಜೋಡಿಸಿದ ಕೋಣೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಸತ್ತವರ ಅಸ್ಥಿ, ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು. ಇದಕ್ಕಿಂತಲೂ ಹಳೆಯದಾದ ಕಲ್ಲುಕೊಡಲಿಯ ಕಾಲದಲ್ಲಿ ಅಲ್ಲಿನ ಜನರು ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ತಮ್ಮ ವಸತಿಯ ನಡುವೆಯೇ ಹೂಳುತ್ತಿದ್ದರು. ಸತ್ತ ಮಗುವನ್ನು ಮನೆಯಿಂದ ದೂರ ಕಳುಹಿಸಲಾರದ ತಾಯ್ತಂದೆಗಳನ್ನು ಅಲ್ಲಿ ಕಾಣುವುದು ಕಷ್ಟವಲ್ಲ.

ಈ ಸಮಾಧಿಗಳ ಕಾಲವನ್ನು ನಿರ್ಣಯಿಸಿದ ಬಗೆ ವಿಜ್ಞಾನದ ವಿದ್ಯಾರ್ಥಿಗಳು ಮನನ ಮಾಡತಕ್ಕದ್ದು. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆದಿದ್ದ ಈ ನೆಲೆಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರರು ಉತ್ಖನನ ನಡೆಸಿದರು. ಸಮಾಧಿಯಲ್ಲಿ ದೊರೆತಂಥ ಮಡಕೆಗಳೇ ಊರಿನ ದಿಬ್ಬದ ನಡುಪದರದಲ್ಲಿಯೂ ದೊರೆತವು. ಅದರ ಮೇಲಿನ ಪದರದ ಕಾಲ ತಿಳಿದರೆ ನಡುಪದರವು ಅದಕ್ಕಿಂತ ಹಿಂದಿನದೆಂಬುದು ಸ್ವತಃಸಿದ್ಧ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳೂ ಪುದುಚೇರಿಯ ಬಳಿಯ ಅರಿಕಮೇಡಿನ ಮಡಕೆಗಳೂ ಮೇಲಿನ ಪದರವು ಕ್ರಿಸ್ತಶಕ ಮೊದಲನೆಯ ಶತಮಾನದ್ದೆಂದು ತೋರಿಸಿದುವು. ಆದುದರಿಂದ ಸಮಾಧಿಗಳು ಸುಮಾರು ಕ್ರಿ.ಪೂ. 200ರಿಂದ ಆರಂಭವಾದುವೆಂದು ವ್ಹೀಲರರು ತೀರ್ಮಾನಿಸಿದರು.

ಈ ತೀರ್ಮಾನ ನಿಲ್ಲಲಿಲ್ಲ. ಇಂಗಾಲ-14ರ ವಿಧಾನ ಬಳಕೆಗೆ ಬಂದ ಮೇಲೆ ಕರ್ನಾಟಕದ ನವಶಿಲಾಯುಗವು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. 1965ರಲ್ಲಿ ಎಂ. ಎಸ್. ನಾಗರಾಜರಾಯರು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನವು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ವ್ಹೀಲರರ ಇಸವಿಗಳು ಬಿದ್ದುಹೋದರೂ ಅವರ ಕೆಲಸ ಬಿದ್ದುಹೋಗಲಿಲ್ಲ; ಯಾವ ವಸ್ತು ಯಾವ ಪದರದಲ್ಲಿತ್ತೆಂಬುದನ್ನು ಅವರು ದಾಖಲಿಸಿದ್ದರು. ಕ್ರಮವಾಗಿ ಅಗೆದ ಸಮಾಧಿಯನ್ನು ಮುಂದಿನ ವಿಜ್ಞಾನಿ ಮರಳಿ ಪ್ರಶ್ನಿಸಬಹುದು. ಕೆಡವಿದ ಸಮಾಧಿಯನ್ನು ಯಾರೂ ಏನನ್ನೂ ಕೇಳಲಾರರು.

ನಮ್ಮ ಜನರಿಗೆ ಕಲ್ಲಿನ ಮೇಲೆ ಭಕ್ತಿ ಇಲ್ಲವೆನ್ನಲಾಗದು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೂ ಬ್ರಹ್ಮಗಿರಿಯ ಸಮೀಪದ ಜಟಿಂಗರಾಮೇಶ್ವರಕ್ಕೂ ಶ್ರದ್ಧೆಯಿಂದ ಹೋಗಿಬರುತ್ತೇವೆ. ಗುಡಿಯೊಳಗಿನ ಕಲ್ಲಿಗೆ ಕೈಮುಗಿಯುವ ನಾವು ಹೊಲದಂಚಿನ ಕಲ್ಲುವೃತ್ತವನ್ನು ಮಾತ್ರ ‘ಪಾಂಡವರ ಮನೆ’ಯೆಂದೋ ‘ಮೋರ್ಯರ ಮನೆ’ಯೆಂದೋ ಕರೆದು ಮುಂದೆ ನಡೆಯುತ್ತೇವೆ. ನಿಧಿಯ ಆಸೆಯವರು ಅದನ್ನು ರಾತ್ರೋರಾತ್ರಿ ಬಗೆಯುತ್ತಾರೆ. ಅವರಿಗೆ ಸಿಗುವುದು ಬಹುಮಟ್ಟಿಗೆ ಮಡಕೆಯ ಚೂರು. ಉಳಿದ ಚಪ್ಪಡಿ ಯಾವುದೋ ಕಟ್ಟಡದ ಪಾಲಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಘೋಷಿತ ನೆಲೆಗಳನ್ನು ರಕ್ಷಿಸುತ್ತದೆ. ಪಟ್ಟಿಗೇ ಸೇರದ ಸಮಾಧಿಗೆ ಅದರ ಆಸರೆ ಇಲ್ಲ.

ಬದುಕಿರುವ ರೈತನ ಬದುವಿಗಿಂತ ಸತ್ತವರ ಕಲ್ಲು ಹೆಚ್ಚೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಪ್ರತಿಯೊಂದು ಕಲ್ಲನ್ನೂ ಉಳಿಸಬೇಕೆಂಬುದು ನನ್ನ ವಾದವಲ್ಲ. ದಾಖಲಾಗದೆ ಯಾವುದೂ ಅಳಿಯಬಾರದೆಂಬುದಷ್ಟೇ. ಈ ಕೆಲಸಕ್ಕೆ ಹಳ್ಳಿಯ ಪ್ರೌಢಶಾಲೆಯೇ ಸಾಕು. ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಹೋಗಿ ವೃತ್ತಗಳನ್ನು ಎಣಿಸಲಿ, ವ್ಯಾಸವನ್ನು ಅಳೆಯಲಿ, ಕಿಂಡಿಯ ದಿಕ್ಕನ್ನು ದಿಕ್ಸೂಚಿಯಿಂದ ಗುರುತಿಸಲಿ, ಜಮೀನಿನ ಸರ್ವೆ ನಂಬರನ್ನು ಬರೆದುಕೊಳ್ಳಲಿ, ಮೊಬೈಲಿನಿಂದ ಚಿತ್ರ ತೆಗೆಯಲಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ಪುರಾತತ್ತ್ವ ಇಲಾಖೆಗೂ ಕೊಡಲಿ. ಅಗೆಯುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬಾರದು, ಅದು ತಜ್ಞರದು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಅಷ್ಟು ದೊಡ್ಡ ಗೌರವ ಎಲ್ಲ ಊರಿಗೂ ಬರಲಾರದು. ಆದರೆ ತನ್ನ ನೆಲವನ್ನು ಮೊದಲು ಉತ್ತವರು ಎಲ್ಲಿ ಮಲಗಿದ್ದಾರೆಂಬುದನ್ನು ಪ್ರತಿಯೊಂದು ಊರೂ ತಿಳಿದಿರಬಹುದು. ಅದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ನೋಟುಪುಸ್ತಕ, ನಾಲ್ಕು ಭಾನುವಾರಗಳ ದುಡಿಮೆ.